ಬೂಟು ಬಿಚ್ಚದ ಸೊಣ್ಣಮ್ಮ

ಸೊಣ್ಣಮ್ಮ ಕೆಲಸಕ್ಕೆ ಸಜ್ಜಾಗುವುದನ್ನು ನೋಡಲು ಯಾವ ಊರಿಗೆ ಹೋದರೂ ನಾಲ್ಕು ಜನ ನಿಂತೇ ನಿಲ್ಲುತ್ತಾರೆ. ನಿಲ್ಲಲಿ ಬಿಡಿ, ಬಿಟ್ಟಿ ತಮಾಷೆ ಯಾರಿಗೆ ಬೇಡ? ಮೊಪೆಡ್ಡಿನಿಂದ ಇಳಿದವಳು ಮೊದಲು ಗಂಡನ ಹಳೇ ಪ್ಯಾಂಟಿನ ಮೇಲೆ ದಪ್ಪನೆಯ ಇನ್ನೊಂದು ಹೊದಿಕೆಯನ್ನು ತೊಡೆಯಿಂದ ಪಾದದವರೆಗೆ ಕಟ್ಟಿಕೊಳ್ಳುತ್ತಾಳೆ. ಅದರೊಳಗೆ ಉದ್ದುದ್ದ ನಾರು ತುಂಬಿದೆ. ಮರ ಕೊಯ್ಯುವ ಮಿಷನ್ನಿನ ಸರಪಳಿ ಹಲ್ಲು ಅಪ್ಪಿತಪ್ಪಿ ಕಾಲಿಗೆ ತಾಗಿದರೆ ಆ ನಾರು ಸುತ್ತಿಕೊಂಡು ಸರಪಳಿ ಅಲ್ಲೇ ನಿಂತುಹೋಗುತ್ತದೆ. ಆಮೇಲೆ ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ಟು, ಕಿವಿಗೆ ಮುಚ್ಚಳ, ಕೈಗೆ ಗವಸು. ಕೊನೆಗೆ ಬೂಟು. ಕಣಕಾಲು ದಾಟಿ ಬರುವ ಕಪ್ಪು ಬೂಟು, ಬೆರಳುಗಳ ಮೇಲೆ ಒಳಗಡೆ ಉಕ್ಕಿನ ತಗಡು. ಲಾಡಿ ಎಳೆದು, ಎರಡು ಗಂಟು ಹಾಕಿ, ನೆಲಕ್ಕೆ ಎರಡು ಸಲ ಕುಟ್ಟಿದಳೆಂದರೆ ಸೊಣ್ಣಮ್ಮ ತಯಾರು.

"ಏನಕ್ಕಾ, ಮರ ಕೊಯ್ಯಕ್ಕೆ ಬಂದಿದೀಯೋ, ಬಾರ್ಡರ್‌ಗೆ ಹೊರಟಿದೀಯೋ?" ಎಂದು ಯಾವನಾದರೂ ಒಬ್ಬ ಕೇಳಿಯೇ ಕೇಳುತ್ತಾನೆ.

"ಬಾರ್ಡರ್‌ನಲ್ಲಿ ಹೊಡೆಯೋನು ಎದುರಿಗೆ ಕಾಣಿಸ್ತಾನೆ ಕಣಪ್ಪ. ಮರ ಯಾವ ಕಡೆ ತಿರುಗಿ ಬೀಳುತ್ತೋ ನಿಮ್ಮಪ್ಪಂಗೂ ಗೊತ್ತಿಲ್ಲ," ಎನ್ನುತ್ತಾಳೆ ಅವಳು. ಕೇಳಿದವನ ಹಲ್ಲು ಒಳಗೆ ಹೋಗುತ್ತದೆ.

ಅನುಗೊಂಡನಹಳ್ಳಿ ಹೋಬಳಿಯಲ್ಲಿ ಮರ ಕೊಯ್ಯುವ ಮಿಷನ್ನು ಹಿಡಿದ ಹೆಂಗಸು ಇವಳೊಬ್ಬಳೇ. ನಲವತ್ತೇಳು ವರ್ಷ, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಸೆರಗಿಗೂ ಸರಪಳಿಗೂ ಆಗಿಬರುವುದಿಲ್ಲವೆಂದು ಕೆಲಸದ ದಿನ ಸೀರೆ ಉಡುವುದಿಲ್ಲ. ಪ್ಯಾಂಟು ಹಾಕಿದ್ದಕ್ಕೆ ಊರಿನವರು ಆರು ತಿಂಗಳು ಆಡಿಕೊಂಡರು. ಏಳನೇ ತಿಂಗಳು ಅದೇ ಊರಿನವರು ತಮ್ಮ ನೀಲಗಿರಿ ತೋಪು ಕೊಯ್ಯಿಸಲು ಅವಳ ಮನೆ ಬಾಗಿಲಿಗೆ ಬಂದರು. ಊರು ಅಂದರೆ ಇಷ್ಟೇ.

ಮಿಷನ್ನು ಮೊದಲು ಅವಳ ಗಂಡ ದೊಡ್ಡಬೀರಪ್ಪನದು. ಮರದ ಬುಡಕ್ಕೆ ಒಂದು ಸುತ್ತು ಹಾಕಿ, ತಲೆಯೆತ್ತಿ ನೋಡಿ, ಬೀಳುವ ಜಾಗಕ್ಕೆ ಒಂದು ಕಡ್ಡಿ ನೆಟ್ಟನೆಂದರೆ ಮರ ಬಂದು ಆ ಕಡ್ಡಿಯನ್ನೇ ನೆಲಕ್ಕೆ ಹೊಡೆಯಬೇಕು, ಅಂಥ ಕೈ. ಆರು ವರ್ಷದ ಹಿಂದೆ ಹೊಸಕೋಟೆಯ ಆಚೆ ಬದಿಯ ಒಂದು ಹೊಲದಲ್ಲಿ ಹಳೇ ಹುಣಸೆ ಮರ ಕೊಯ್ಯಲು ಕರೆದಿದ್ದರು. ನಮ್ಮ ಕಡೆ ದೊಡ್ಡ ಮರ ಕಡಿಯುವ ಮುಂಚೆ ಪೂಜೆ ಮಾಡುತ್ತಾರೆ. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತಪ್ಪಾಯಿತೆಂದು ಮರಕ್ಕೆ ಕೈ ಮುಗಿಯುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಪೂಜೆ ಆದ ಮೇಲೆ ಮರ ದೇವರಾಗಿಬಿಡುತ್ತದೆ, ದೇವರ ಮುಂದೆ ಕಾಲಲ್ಲಿ ಏನೂ ಇರಬಾರದು. ಹೊಲದ ಮನೆಯ ಹಿರಿಯರು ಈಗ ಬಿಚ್ಚು, ಆಮೇಲೆ ಹಾಕ್ಕೋ ಎಂದರು, ದೊಡ್ಡಬೀರಪ್ಪ ಬೂಟು ಬಿಚ್ಚಿ ಬದುವಿನ ಮೇಲಿಟ್ಟ. ಮರ ಚೆನ್ನಾಗಿಯೇ ಬಿತ್ತು. ಬಿದ್ದ ಖುಷಿಯಲ್ಲಿ ಬೂಟಿನ ನೆನಪೇ ಹೋಯಿತು, ಬರಿಗಾಲಲ್ಲೇ ದಿಮ್ಮಿ ತುಂಡು ಮಾಡಲು ನಿಂತ. ಮೂರನೇ ತುಂಡು ಉರುಳಿತು. ಹಿಂದಕ್ಕೆ ನೆಗೆದ. ಓಡುತ್ತಿದ್ದ ಮಿಷನ್ನು ಎಡಗಾಲಿನ ಮೇಲೆ ಇಳಿಯಿತು.

ಮೂರು ಬೆರಳು ಹೋದವು, ಪಾದದ ಅರ್ಧ ಭಾಗ ಸತ್ತಂತಾಯಿತು. ನೋಡಲು ಬಂದ ನೆಂಟರೆಲ್ಲ ಒಂದೇ ಮಾತು ಹೇಳಿದರು. "ಬರಿಗಾಲಲ್ಲಿ ಇದ್ದಿದ್ದಕ್ಕೆ ದೇವ್ರು ಬೆರಳಿಗೆ ಬಿಟ್ಟ. ಇಲ್ಲಾಂದಿದ್ರೆ ಪ್ರಾಣಾನೇ ಹೋಗ್ತಿತ್ತು."

ಸೊಣ್ಣಮ್ಮ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಇದನ್ನು ಒಂದು ಸಲ ಕೇಳಿದಳು, ಎರಡು ಸಲ ಕೇಳಿದಳು. ಮೂರನೇ ಸಲ ಹೇಳಿದವನು ಅವಳ ಸ್ವಂತ ಚಿಕ್ಕಪ್ಪ.

"ಬೂಟು ಇದ್ದಿದ್ರೆ ಬೆರಳೂ ಹೋಗ್ತಿರಲಿಲ್ಲ ಚಿಕ್ಕಪ್ಪ. ದೇವ್ರ ಮೇಲೆ ಯಾಕೆ ಹಾಕ್ತೀಯಾ?" ಎಂದಳು. ಚಿಕ್ಕಪ್ಪ ಅವತ್ತು ತಂದ ಬಾಳೆಹಣ್ಣು ವಾಪಸ್ಸು ತೆಗೆದುಕೊಂಡು ಹೋದನೆಂದು ಹೇಳುತ್ತಾರೆ. ಅದು ಸುಳ್ಳಿರಬಹುದು, ಆದರೆ ಎರಡು ವರ್ಷ ಮಾತು ಬಿಟ್ಟಿದ್ದು ನಿಜ.

ಮನೆಯಲ್ಲಿ ಬೇರೆ ದುಡಿಮೆ ಇರಲಿಲ್ಲ. ಮಿಷನ್ನು ಮಾರುತ್ತೇನೆಂದ ಗಂಡನಿಗೆ ಸೊಣ್ಣಮ್ಮ, "ಮಾರೋದೇನೂ ಬೇಡ, ನಂಗೆ ಕಲಿಸು," ಎಂದಳು. ಅವನು ನಕ್ಕ. ಅವಳು ನಗಲಿಲ್ಲ.

ಕಲಿಸಿದ್ದು ಮಂಚದ ಮೇಲೆ ಕೂತು, ಬೈಗುಳದ ಜೊತೆಗೆ. ಮೊದಲ ಎರಡು ತಿಂಗಳು ಮಿಷನ್ನು ಚಾಲೂ ಮಾಡಲೂ ಬಿಡಲಿಲ್ಲ. ಬರೀ ಅರ ಹಿಡಿದು ಸರಪಳಿಯ ಹಲ್ಲು ಮಸೆಯುವುದು. "ಮೊಂಡು ಹಲ್ಲು ಇದ್ರೆ ನೀನು ಒತ್ತಿ ಹಿಡೀತೀಯಾ ಅಮ್ಮಿ. ಒತ್ತಿ ಹಿಡ್ದೋಳು ಜಾರ್ತಾಳೆ," ಎನ್ನುತ್ತಿದ್ದ. ಆಮೇಲೆ ಚಾಲೂ ಮಾಡುವುದು. ಗಾಳಿಯಲ್ಲಿ ಹಿಡಿದು ಹಗ್ಗ ಎಳೆದರೆ ಊರುಗೋಲು ಎಸೆಯುತ್ತಿದ್ದ. ನೆಲದ ಮೇಲಿಡಬೇಕು, ಹಿಂದಿನ ಹಿಡಿಯ ಮೇಲೆ ಬೂಟುಗಾಲು ಒತ್ತಬೇಕು, ಸರಪಳಿ ಓಡದಂತೆ ಹಿಡಿಯುವ ಮುಂದಿನ ತಡೆ ಹಾಕಿರಬೇಕು, ಆಗ ಎಳೆಯಬೇಕು. ಹೆಬ್ಬೆರಳು ಹಿಡಿಯ ಸುತ್ತ ಬಳಸಿರಬೇಕು. ಸರಪಳಿ ಸುತ್ತುವ ಉದ್ದನೆಯ ಪಟ್ಟಿಯ ತುದಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಮಿಷನ್ನು ಒದ್ದು ಮುಖಕ್ಕೇ ಬರುತ್ತದೆ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವವನು ಬದುಕಿದ್ದರೆ ಅದು ಅವನ ಹೆಂಡತಿಯ ಪುಣ್ಯ.

"ಹಾಗಾದ್ರೆ ನಾನು ಎತ್ತಿ ಕೊಯ್ದ್ರೆ?" ಎಂದು ಸೊಣ್ಣಮ್ಮ ಒಂದು ದಿನ ಕೇಳಿದಳು.

"ನನ್ನ ಪುಣ್ಯ ಎಲ್ಲಾ ಆಸ್ಪತ್ರೇಲೇ ಮುಗ್ದೋಯ್ತು. ನೀನು ಎತ್ಬೇಡ," ಎಂದ ದೊಡ್ಡಬೀರಪ್ಪ.

ಎಲ್ಲ ಕಲಿಸಿದ ಮೇಲೆ ಅವಳ ಮೊದಲ ಕೆಲಸದ ಹಿಂದಿನ ದಿನ ಅವನು ಇನ್ನೊಂದು ಮಾತು ಹೇಳಿದ. "ಸಿಟ್ಟು ಬಂದಾಗ ಮಿಷನ್ನು ಚಾಲೂ ಮಾಡ್ಬೇಡ. ಮರಕ್ಕೆ ನಿನ್ನ ಸಿಟ್ಟು ಗೊತ್ತಾಗಲ್ಲ, ಕಾಲಿಗೆ ಗೊತ್ತಾಗುತ್ತೆ." ಸೊಣ್ಣಮ್ಮನಂಥ ಹೆಂಗಸಿಗೆ ಇದು ಎಲ್ಲಕ್ಕಿಂತ ಕಷ್ಟದ ಪಾಠ. ಅವಳಿಗೆ ದಿನಕ್ಕೆ ನಾಲ್ಕು ಸಲ ಸಿಟ್ಟು ಬರುತ್ತದೆ.

ಐದು ವರ್ಷ ಅವಳು ಕೊಯ್ದಳು. ನೀಲಗಿರಿ, ಸಿಲ್ವರ್ ಓಕ್, ಮಳೆಗಾಳಿಗೆ ಬಿದ್ದ ಹೊಂಗೆ, ರಸ್ತೆ ಅಗಲವಾಗುವಾಗ ಅಡ್ಡ ಬಂದ ಮಾವು. ಮೈಮೇಲೆ ಒಂದು ಗೀರು ಬೀಳಲಿಲ್ಲ. ಕೆಲಸವೆಲ್ಲ ಬರುತ್ತಿದ್ದದ್ದು ಮುನೀಂದ್ರನ ಫೋನಿನಿಂದ. ಸೌದೆ ಮಂಡಿ ಇಟ್ಟುಕೊಂಡು ಸುತ್ತಿನ ಊರುಗಳ ಮರಗಳನ್ನೆಲ್ಲ ಗುತ್ತಿಗೆ ಹಿಡಿಯುವ ಮನುಷ್ಯ ಮುನೀಂದ್ರ. ಅವನ ಫೋನು ಬಂದರೆ ಒಲೆ ಉರಿಯುತ್ತದೆ, ಬಾರದಿದ್ದರೆ ಇಲ್ಲ, ಅಷ್ಟು ಸರಳ ಲೆಕ್ಕ.

ಈ ವರ್ಷ ಮೇ ತಿಂಗಳ ಒಂದು ಶನಿವಾರ ನಸುಕಿಗೇ ಅವನು ಫೋನು ಮಾಡಿ ಹೋಬಳಿಯ ಇನ್ನೊಂದು ತುದಿಯ ಊರಿಗೆ ಕರೆದ. ಅಲ್ಲಿ ಅಂಗನವಾಡಿಯ ಪಕ್ಕ ಒಂದು ದೊಡ್ಡ ಬೇವಿನ ಮರ, ಅದರ ಬುಡದ ಪಕ್ಕದಲ್ಲಿ ಮುನೇಶ್ವರನ ಕಲ್ಲು. ಗುರುವಾರದ ಬಿರುಗಾಳಿಗೆ ಮರದ ಒಂದು ಕಡೆಯ ಬೇರು ಎದ್ದು ಇಡೀ ಮರ ಅಂಗನವಾಡಿಯ ಶೀಟಿನ ಮಾಡಿನ ಕಡೆಗೆ ವಾಲಿತ್ತು. ಒಂದು ಕೊಂಬೆ ಅರ್ಧ ಮುರಿದು, ತುದಿ ನೆಲಕ್ಕೆ ಊರಿ, ಬಾಗಿ ನಿಂತಿತ್ತು. ಸೋಮವಾರ ಮಕ್ಕಳು ಬರುತ್ತಾರೆ. ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಶುಕ್ರವಾರವೇ ಸಿಕ್ಕಿತ್ತು.

ಸೊಣ್ಣಮ್ಮ ಬೆಳಿಗ್ಗೆ ಏಳಕ್ಕೇ ಹೋಗಿ ಮರ ಓದಿದಳು. ಅವಳು ಹಾಗೇ ಹೇಳುವುದು. ವಾಲಿದ್ದು ಎಷ್ಟು, ಭಾರ ಯಾವ ಕಡೆ, ಮೇಲೆ ಒಣಗಿದ ರೆಂಬೆ ಎಲ್ಲಿ ಸಿಕ್ಕಿಕೊಂಡಿದೆ, ಬುಡದಲ್ಲಿ ಟೊಳ್ಳಿದೆಯೋ ಇಲ್ಲವೋ ಎಂದು ಮಚ್ಚಿನ ಹಿಂಬದಿಯಿಂದ ತಟ್ಟಿ ಕೇಳುವುದು. ಅಂಗನವಾಡಿಗೆ ವಿರುದ್ಧ ದಿಕ್ಕಿನಲ್ಲಿ ಖಾಲಿ ಹೊಲವಿತ್ತು. ತೆಳು ಹುರಿಗೆ ಕಲ್ಲು ಕಟ್ಟಿ ಎತ್ತರದ ಕವಲಿಗೆ ಎಸೆದು, ಅದರ ಹಿಂದೆ ದಪ್ಪ ಹಗ್ಗ ಎಳೆದು ಬಿಗಿದಳು. ಹಗ್ಗದ ಇನ್ನೊಂದು ತುದಿ ಹೊಲದಾಚೆ ನಿಂತ ಟ್ರ್ಯಾಕ್ಟರಿಗೆ. ಮರದ ಎತ್ತರಕ್ಕಿಂತ ಎರಡರಷ್ಟು ಹಗ್ಗ ಬಿಟ್ಟಳು, ಮರ ಬಂದರೂ ಟ್ರ್ಯಾಕ್ಟರಿನ ಮೇಲೆ ಬರಬಾರದು.

ಒಂಬತ್ತಕ್ಕೆ ಪೂಜೆ. ಪೂಜೆಗೆ ಮುಂದಾಳು ಅಪ್ಪಯ್ಯಣ್ಣ. ಊರಿನ ಅರ್ಧ ಹೊಲ ಅವರ ಮನೆತನದ್ದು, ಮುನೇಶ್ವರನಿಗೆ ವರ್ಷವರ್ಷ ಊರಿಗೆಲ್ಲ ಊಟ ಹಾಕಿ ಪರ ಮಾಡುವವರೂ ಅವರೇ. ಒಳ್ಳೆಯ ಮನುಷ್ಯರು, ಆದರೆ ತಾವು ಹೇಳಿದ ಮೇಲೆ ಇನ್ನೊಂದು ಮಾತಿದೆ ಎಂದು ಯಾರೂ ಅವರಿಗೆ ಈವರೆಗೆ ತಿಳಿಸಿರಲಿಲ್ಲ. ಸೊಣ್ಣಮ್ಮ ಚಪ್ಪಲಿ ಬಿಟ್ಟು ಎಲ್ಲರ ಜೊತೆ ನಿಂತು ಕೈ ಮುಗಿದಳು, ತೀರ್ಥ ತೆಗೆದುಕೊಂಡಳು, ಕುಂಕುಮ ಇಟ್ಟುಕೊಂಡಳು. ಆಮೇಲೆ ರಸ್ತೆ ಪಕ್ಕ ಕೂತು ಬೂಟಿನ ಲಾಡಿ ಬಿಗಿಯತೊಡಗಿದಳು.

"ಅದನ್ನ ಅಲ್ಲೇ ಬಿಡಮ್ಮ," ಎಂದರು ಅಪ್ಪಯ್ಯಣ್ಣ. "ಪೂಜೆ ಆಗಿರೋ ಮರ. ಬರಿಗಾಲಲ್ಲಿ ಬಾ."

"ಬೂಟು ಬಿಚ್ಚಲ್ಲ ಅಣ್ಣ."

ಅಪ್ಪಯ್ಯಣ್ಣ ತಮಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎನ್ನುವಂತೆ ಅಕ್ಕಪಕ್ಕ ನೋಡಿದರು. "ಏನಂದೆ?"

"ಪೂಜೆಗೆ ಬರಿಗಾಲು. ಬಂದೆ, ನಿಂತೆ, ಕೈ ಮುಗಿದೆ, ನೀವೇ ನೋಡಿದ್ರಿ. ಮಿಷನ್‌ಗೆ ಬೂಟು."

"ನಮ್ಮ ತಾತನ ಕಾಲದಿಂದ ಈ ಊರಲ್ಲಿ ಯಾರೂ ಸ್ವಾಮಿ ಮುಂದೆ ಮೆಟ್ಟು ಹಾಕ್ಕೊಂಡು ಮರ ಕಡಿದಿಲ್ಲ ಕಣಮ್ಮ."

"ನಿಮ್ಮ ತಾತನ ಕಾಲದಲ್ಲಿ ಕೊಡಲಿ ಇತ್ತು ಅಣ್ಣ. ಕೊಡಲಿ ನಾವು ಎತ್ತಿದ್ರೆ ಮಾತ್ರ ಬೀಳುತ್ತೆ. ಇದು ಹಂಗಲ್ಲ. ನಾವು ಸುಮ್ನಿದ್ರೂ ಇದು ಓಡ್ತಾನೇ ಇರುತ್ತೆ."

ಹಿಂದಿನಿಂದ ಯಾರೋ, ಹೆಂಗಸಿನ ಕೈಗೆ ಕೊಟ್ಟಿದ್ದೇ ತಪ್ಪು ಎಂದರು. ಇನ್ಯಾರೋ ತೊಗಲು ಮೈಲಿಗೆ ಎಂದರು. ಸೊಣ್ಣಮ್ಮ ಬೂಟನ್ನು ತಟ್ಟಿ ತೋರಿಸಿದಳು. "ತೊಗಲಲ್ಲ, ರಬ್ಬರು. ದೊಡ್ಡ ಗುಡಿಗಳಲ್ಲಿ ಮುನೇಶ್ವರಸ್ವಾಮಿ ಸಿಮೆಂಟ್ ಮೂರ್ತಿ ನೋಡಿದೀರಾ? ಕೈಲಿ ಕತ್ತಿ, ಕಾಲಲ್ಲಿ ಮೆಟ್ಟು. ಆಯುಧ ಹಿಡಿಯೋನು ಕಾಲಿಗೆ ಹಾಕ್ಕೋಬೇಕು ಅಂತ ಸ್ವಾಮಿಗೇ ಗೊತ್ತು."

ಕೆಲವರು ನಕ್ಕುಬಿಟ್ಟರು. ನಗಬಾರದಿತ್ತು. ನಗು ಕೇಳಿ ಅಪ್ಪಯ್ಯಣ್ಣನವರ ಮುಖ ಕೆಂಪಾಯಿತು, ಅಲ್ಲಿಂದ ಮುಂದೆ ಅದು ಮುನೇಶ್ವರನ ವಿಷಯವಾಗಿ ಉಳಿಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಮುನೀಂದ್ರ ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋದ. "ಸೊಣ್ಣಮ್ಮ, ಹತ್ತು ನಿಮಿಷ. ಬಿಚ್ಚಿ ಮೊದಲನೇ ಕೊಯ್ತ ಹಾಕು. ಅವ್ರು ಮನೆಗೆ ಹೋದ್ಮೇಲೆ ಹಾಕ್ಕೋ. ಯಾರು ನೋಡ್ತಾರೆ?"

"ನಮ್ಮನೆಯೋರಿಗೂ ಹಿಂಗೇ ಅಂದಿದ್ರು. ಆಮೇಲೆ ಹಾಕ್ಕೋ ಅಂತ."

"ಹಳೇ ಕತೆ ಬೇಡ. ಸೂಲಿಬೆಲೆ ಕಡೆ ಎರಡು ತೋಪಿನ ಕೆಲಸ ಇದೆ, ಪೂರಾ ಎರಡು ತಿಂಗಳದ್ದು. ಅದು ನಿಂಗೇ ಅಂತ ಇಟ್ಟಿದೀನಿ. ಇಲ್ಲಿ ನನ್ನ ಮರ್ಯಾದೆ ಕಳೆದ್ರೆ ನಾಳೆಯಿಂದ ನಿಂಗೆ ನನ್ನ ಫೋನು ಬರಲ್ಲ. ನೋಡ್ಕೋ."

ಸೊಣ್ಣಮ್ಮನಿಗೆ ಹೆದರಿಕೆ ಆಯಿತು. ಆಗಲಿಲ್ಲವೆಂದರೆ ಸುಳ್ಳು. ಎರಡು ತಿಂಗಳ ಕೆಲಸ ಎಂದರೆ ಮಳೆಗಾಲ ದಾಟುವವರೆಗಿನ ಅಕ್ಕಿ, ಗಂಡನ ಕಾಲಿನ ಔಷಧಿ, ಎಲ್ಲ. ಕೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡಳು. ಬೂಟಿನ ಲಾಡಿಗೆ ಮಾತ್ರ ಕೈ ಹೋಗಲಿಲ್ಲ.

"ಬರೋದು ಬೇಡ ಬಿಡಿ," ಎಂದಳು.

ಮುನೀಂದ್ರ ಅಲ್ಲೇ ನಿಂತು ಕೆಂಪರಾಜನಿಗೆ ಫೋನು ಹಚ್ಚಿದ. ಪಕ್ಕದ ಊರಿನ ಕೆಂಪರಾಜ್ ಅರ್ಧ ಗಂಟೆಯಲ್ಲಿ ಬೈಕಿನ ಮೇಲೆ ಮಿಷನ್ನು ಕಟ್ಟಿಕೊಂಡು ಬಂದ. ಹೋದ ವರ್ಷ ಮದುವೆಯಾದವನು, ಚುರುಕು ಆಸಾಮಿ, ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತ ಕೆಲಸ. ಅವನ ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ. ಬಿಡಪ್ಪ ಎನ್ನುವ ಮೊದಲೇ ಬಿಟ್ಟ. ಅಪ್ಪಯ್ಯಣ್ಣ ಅವನ ಹಣೆಗೆ ಕುಂಕುಮ ಹಚ್ಚಿ ಬೆನ್ನು ತಟ್ಟಿದರು.

ಸೊಣ್ಣಮ್ಮ ಮೊಪೆಡ್ ಹತ್ತಿ ಹೊರಟುಹೋಗಬಹುದಿತ್ತು. ಹೋಗಲಿ, ಅವರ ಊರು ಅವರ ಮರ ಎಂದು ಕೈ ಕೊಡವಿಕೊಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಅವಳ ಕಣ್ಣು ಕೆಂಪರಾಜನ ಪಾದದ ಮೇಲೆ ನೆಟ್ಟಿತ್ತು. ಹತ್ತು ಬೆರಳು, ಬೈಕು ಒದ್ದು ಒದ್ದು ಸವೆದ ಒಂದು ಉಗುರು. ಅವಳು ಸೀದಾ ಅವನ ಮುಂದೆ ಹೋಗಿ ನಿಂತಳು.

"ಕೆಂಪರಾಜು, ಆ ಮುರಿದ ಕೊಂಬೆ ನೋಡ್ದಾ? ಬಾಗಿ ನಿಂತಿದೆ, ಪೂರಾ ಬಿಗಿ. ಹೊರಮೈಯಿಂದ ಒಂದೇ ಏಟಿಗೆ ಕೊಯ್ದ್ರೆ ಒದೆಯುತ್ತೆ. ಒಳಮೈಯಿಂದ ಸ್ವಲ್ಪ ಸ್ವಲ್ಪ ಬಿಗಿ ಬಿಡಿಸು. ಬೀಸೋ ಕಡೆ ನಿಲ್ಬೇಡ. ಕಾಲಿಗೆ ಏನಾದ್ರೂ ಹಾಕ್ಕೋ, ನಿಂಗೆ ಕೈ ಮುಗೀತೀನಿ."

"ಅಕ್ಕಾ, ಇಂಥವು ದಿನಾ ಕೊಯ್ತೀನಿ," ಎಂದು ಅವನು ನಕ್ಕ. "ನೀನು ಟೆನ್ಶನ್ ತಗೋಬೇಡ."

"ಕೆಲಸ ಹೋಯ್ತು ಅಂತ ಹೊಟ್ಟೆಕಿಚ್ಚು," ಎಂದಿತು ಗುಂಪಿನ ಒಂದು ಬಾಯಿ. ಅವಳಿಗೆ ಕಿವಿಯ ತುದಿಯವರೆಗೆ ಸಿಟ್ಟೇರಿತು. ಆದರೂ ಹೋಗಲಿಲ್ಲ. ಹತ್ತಿರ ನಿಂತಿದ್ದವರನ್ನೆಲ್ಲ ಬೈದು ಬೈದು ಹಿಂದಕ್ಕೆ ತಳ್ಳಿದಳು, ಮರದ ಎರಡು ಪಟ್ಟು ದೂರಕ್ಕೆ. ಹೋದವರು ಹೋದರು, ನಾಲ್ಕು ಜನ ದೊಡ್ಡವರೆನ್ನಿಸಿಕೊಂಡವರು ಅಲ್ಲಾಡಲಿಲ್ಲ.

ಕೆಂಪರಾಜ್ ಮಿಷನ್ನನ್ನು ಗಾಳಿಯಲ್ಲೇ ಹಿಡಿದು ಹಗ್ಗ ಎಳೆದ. ಮೊದಲು ಕೊಂಬೆ ಬಿಡಿಸೋಣವೆಂದು ಬಾಗಿದ ಕಡೆಯ ಹೊರಮೈಗೆ ಪಟ್ಟಿ ಇಟ್ಟು ಒಂದೇ ಸಮ ಒತ್ತಿದ. ಕೊಂಬೆ ಅರ್ಧವೂ ಕೊಯ್ದಿರಲಿಲ್ಲ. ಪಟಾರೆಂದು ಸೀಳಿ ಬಿಲ್ಲಿನ ಹಾಗೆ ಬಿಚ್ಚಿಕೊಂಡಿತು. ಅವನ ಮೊಣಕಾಲ ಕೆಳಗೆ ಹೊಡೆಯಿತು, ಮಿಷನ್ನು ಕೈ ತಪ್ಪಿತು, ಬಿದ್ದ ಮಿಷನ್ನಿನ ಸರಪಳಿ ಅವನ ಬಲಗಾಲಿನ ಮುಂದೆ ಮಣ್ಣನ್ನು ಉತ್ತುಬಿಟ್ಟಿತು. ಪೂಜೆಯ ಹೂವು, ಒಡೆದ ಕಾಯಿಯ ಚಿಪ್ಪು ಚೂರುಚೂರಾಗಿ ಹಾರಿದವು. ಅವನ ಹೆಬ್ಬೆರಳಿಗೂ ಆ ಗೀರಿಗೂ ನಡುವೆ ಒಂದು ಬೀಡಿ ಇಡುವಷ್ಟು ಜಾಗವಿತ್ತು.

ಮಿಷನ್ನು ತಾನಾಗಿ ಕೆಮ್ಮಿ ನಿಂತಿತು. ಕೆಂಪರಾಜ್ ನೆಲಕ್ಕೆ ಕೂತು ತನ್ನ ಎರಡೂ ಪಾದಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡ. "ಇದೆ ಅಲ್ವಾ ಅಕ್ಕಾ? ಇದೆ ಅಲ್ವಾ?" ಎಂದು ಸೊಣ್ಣಮ್ಮನನ್ನೇ ಕೇಳಿದ. ಅವನ ದನಿ ಬೇರೆಯವರ ದನಿಯಂತಿತ್ತು.

"ಇದೆ. ಎಲ್ಲಾ ಇದೆ. ಏಳು, ಈ ಕಡೆ ಬಾ," ಎಂದು ಅವಳು ಅವನ ತೋಳು ಹಿಡಿದು ಎಬ್ಬಿಸಿ ದೂರ ಕರೆದುಕೊಂಡು ಬಂದಳು. ಮೊಣಕಾಲ ಕೆಳಗೆ ಕೋಳಿಮೊಟ್ಟೆಯಷ್ಟು ಊದಿತ್ತು, ರಕ್ತ ಬಂದಿರಲಿಲ್ಲ.

ಆಗಲಾದರೂ ಊರು ಸುಮ್ಮನಿರಬೇಕಲ್ಲ? ಅಪ್ಪಯ್ಯಣ್ಣ ಕಲ್ಲಿಗೆ ಕೈ ಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದರು. "ಸ್ವಾಮಿಗೆ ಸಿಟ್ಟು ಬಂದಿದೆ. ಇವಳು ಬೂಟು ಹಾಕ್ಕೊಂಡು ಇಲ್ಲೇ ನಿಂತು ವಾದ ಮಾಡಿದ್ದಕ್ಕೇ ಹಿಂಗಾಯ್ತು."

ಬೂಟು ಹಾಕಿದವಳ ತಪ್ಪಿಗೆ ಬರಿಗಾಲಿನವನ ಬೆರಳು! ಆ ಮಾತಿಗೆ ತಲೆದೂಗುವ ತಲೆಗಳೂ ಅಲ್ಲಿದ್ದವು. ಸೊಣ್ಣಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೇಳಿದ್ದೂ ಇಂಥದೇ ಮಾತು. ಅವಳ ಕೈ ತನ್ನ ಮಿಷನ್ನಿನ ಮೇಲೆ ಹೋಯಿತು. ಹೋದ ಕೈಯನ್ನು ಅವಳೇ ಹಿಂದಕ್ಕೆ ಎಳೆದುಕೊಂಡಳು.

ರಸ್ತೆ ಪಕ್ಕದ ಮೋಟುಗಲ್ಲಿನ ಮೇಲೆ ಕೂತು ಒಂದು ಚೊಂಬು ನೀರು ಕುಡಿದಳು. ಚೀಲದಿಂದ ಅರ ತೆಗೆದು ಮಿಷನ್ನನ್ನು ತೊಡೆಯ ಮೇಲಿಟ್ಟು ಸರಪಳಿ ಮಸೆಯತೊಡಗಿದಳು. ಒಂದು ಹಲ್ಲಿಗೆ ಮೂರು ಸಲ, ಎಲ್ಲ ಹಲ್ಲಿಗೂ. ಊರೆಲ್ಲ ನಿಂತು ನೋಡುತ್ತಿತ್ತು. ಇವಳೇನು ಮಾಡುತ್ತಿದ್ದಾಳೆ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದರು. ಹದಿನೈದು ನಿಮಿಷ ಅವಳು ಯಾರ ಮುಖವನ್ನೂ ನೋಡಲಿಲ್ಲ. ಸಿಟ್ಟು ಪೂರ್ತಿ ಇಳಿದ ಮೇಲೆ ಎದ್ದಳು. ಹೆಲ್ಮೆಟ್ಟು ಹಾಕಿದಳು. ಬೂಟಿನ ಲಾಡಿಯನ್ನು ಇನ್ನೊಂದು ಸಲ ಎಳೆದು ಬಿಗಿದಳು, ಎಲ್ಲರಿಗೂ ಕಾಣುವ ಹಾಗೆ.

"ಮರ ಅಂಗನವಾಡಿ ಮೇಲೆ ವಾಲಿದೆ. ಸೋಮವಾರ ಮಕ್ಳು ಬರ್ತವೆ. ನಾನು ಕೊಯ್ತೀನಿ," ಎಂದಳು. "ಸ್ವಾಮಿಗೆ ಸಿಟ್ಟಿದ್ರೆ ನನ್ನ ಮೇಲೆ ಬರ್ಲಿ, ನಾನು ತಡ್ಕೋತೀನಿ. ನಿಮಗ್ಯಾರಿಗಾದ್ರೂ ಸಿಟ್ಟಿದ್ರೆ ಬಂದು ಮಿಷನ್ ಮುಂದೆ ನಿಂತ್ಕೊಳ್ಳಿ. ಆದ್ರೆ ಬರಿಗಾಲಲ್ಲಿ ಬರ್ಬೇಕು."

ಯಾರೂ ಬರಲಿಲ್ಲ. ಅಲ್ಲಾಡದೆ ನಿಂತಿದ್ದ ನಾಲ್ಕು ಜನ ದೊಡ್ಡವರೂ ಈಗ ತಾವಾಗಿಯೇ ಹಿಂದಕ್ಕೆ ನಡೆದರು. ಅಪ್ಪಯ್ಯಣ್ಣ ಮಾತ್ರ ಕಲ್ಲಿನ ಪಕ್ಕದಲ್ಲೇ ನಿಂತಿದ್ದರು. ಸೊಣ್ಣಮ್ಮ ಚಾಲೂ ಮಾಡಲಿಲ್ಲ. ಮಿಷನ್ನನ್ನು ನೆಲದ ಮೇಲಿಟ್ಟು ಕೈಕಟ್ಟಿ ನಿಂತಳು.

"ನೀವು ಹಿಂದೆ ಹೋಗೋವರೆಗೆ ಕೊಯ್ಯಲ್ಲ ಅಣ್ಣ. ಸಾಯಂಕಾಲ ಆದ್ರೂ ನಿಂತಿರ್ತೀನಿ. ನಿಮ್ಮ ಮೇಲೆ ಒಂದು ರೆಂಬೆ ಬಿದ್ರೂ ನಂಗೆ ಅನ್ನ ಇಳಿಯಲ್ಲ."

ಐದು ನಿಮಿಷ ಕಳೆಯಿತು. ಅಪ್ಪಯ್ಯಣ್ಣ ಹೆಗಲ ಟವೆಲನ್ನು ಸರಿಮಾಡಿಕೊಂಡು, ಯಾರೂ ಕರೆಯದೇ ಇದ್ದರೂ ಯಾರೋ ಕರೆದಂತೆ ಆ ಕಡೆ ನೋಡಿ, ನಡೆದುಹೋದರು.

ಆಗ ಅವಳು ಬೂಟುಗಾಲನ್ನು ಹಿಡಿಯ ಮೇಲೊತ್ತಿ ಮಿಷನ್ನಿನ ಹಗ್ಗ ಎಳೆದಳು. ಮೊದಲು ಹೊಲದ ಕಡೆಯ ಮೈಯಲ್ಲಿ, ಬುಡದ ಮೂರನೇ ಒಂದು ಪಾಲಿಗಿಂತ ಕಡಿಮೆ ಆಳಕ್ಕೆ, ಕಲ್ಲಂಗಡಿ ಹೋಳಿನಂಥ ಕಚ್ಚು ತೆಗೆದಳು. ಕಚ್ಚಿನ ಬಾಯಿ ನೇರ ಹೊಲವನ್ನೇ ನೋಡುತ್ತಿದೆಯೇ ಎಂದು ಬಗ್ಗಿ ಪರೀಕ್ಷಿಸಿದಳು. ತಾನು ಓಡಬೇಕಾದ ದಾರಿಯಲ್ಲಿದ್ದ ಕಾಯಿ ಚಿಪ್ಪು, ಕಡ್ಡಿಗಳನ್ನೆಲ್ಲ ಬೂಟಿನಿಂದ ಸರಿಸಿದಳು, ಹಿಂದಕ್ಕೆ ಓರೆಯಾಗಿ ಹತ್ತು ಹೆಜ್ಜೆ. ಟ್ರ್ಯಾಕ್ಟರಿನವನಿಗೆ ಕೈ ತೋರಿಸಿದಳು, ಹಗ್ಗ ಬಿಗಿಯಾಯಿತು. ಆಮೇಲೆ ಹಿಂದಿನಿಂದ, ಕಚ್ಚಿಗಿಂತ ಒಂಚೂರು ಮೇಲೆ, ಕೊನೆಯ ಕೊಯ್ತ. ಪಟ್ಟಿ ಒಳಗೆ ಹೋದಷ್ಟೂ ನಿಲ್ಲಿಸಿ ನಿಲ್ಲಿಸಿ ಬೆಣೆ ಬಡಿದಳು. ಅವಸರವೇ ಇಲ್ಲ. ನಡುವೆ ಎರಡು ಬೆರಳಷ್ಟು ಮರವನ್ನು ಕೊಯ್ಯದೆ ಉಳಿಸಿದಳು. ಬಾಗಿಲಿಗೆ ಕೀಲು ಇದ್ದ ಹಾಗೆ ಅದು. ಅದಿದ್ದರೆ ಮರ ಹೇಳಿದ ಕಡೆಗೇ ತಿರುಗುತ್ತದೆ. ಅದನ್ನೂ ಕೊಯ್ದರೆ ಮರ ತನಗೆ ಬೇಕಾದ ಕಡೆ ಬೀಳುತ್ತದೆ.

ಒಳಗೆ ಎಲ್ಲೋ ಚಿಟಿಲ್ ಎಂದಿತು. ಸೊಣ್ಣಮ್ಮ ಮಿಷನ್ನಿನ ತಡೆ ಹಾಕಿ, ತಾನು ಸರಿಮಾಡಿಟ್ಟ ದಾರಿಯಲ್ಲಿ ಹಿಂದೆ ನಡೆದಳು. ಕಣ್ಣು ಮಾತ್ರ ಮರದ ತಲೆಯ ಮೇಲೆ. ಟ್ರ್ಯಾಕ್ಟರು ನಿಧಾನಕ್ಕೆ ಎಳೆಯಿತು. ವಾಲಿದ್ದ ಬೇವು ಮೊದಲು ನೆಟ್ಟಗಾಯಿತು, ಒಂದು ಕ್ಷಣ ನಿಂತಿತು, ಆಮೇಲೆ ಇಡೀ ಊರು ಬಾಯಿ ಬಿಟ್ಟು ನೋಡುತ್ತಿದ್ದಂತೆ ಹೊಲದ ಕಡೆ ತಿರುಗಿ ಉದ್ದಕ್ಕೆ ಮಲಗಿತು. ಅಂಗನವಾಡಿಯ ಒಂದು ಶೀಟು ಅಲ್ಲಾಡಲಿಲ್ಲ. ಮುನೇಶ್ವರನ ಕಲ್ಲಿನ ಮೇಲಿಟ್ಟ ಹೂವು ಕೂಡ ಬೀಳಲಿಲ್ಲ.

ಧೂಳು ಇಳಿಯುವ ಮುಂಚೆಯೇ ಮುನೀಂದ್ರ ಓಡಿಬಂದ. "ಸೊಣ್ಣಮ್ಮ, ಸೂಲಿಬೆಲೆ ತೋಪಿಗೆ ಸೋಮವಾರ ಏಳಕ್ಕೇ ಬಂದ್ಬಿಡು. ಏನೋ ಸಿಟ್ಟಲ್ಲಿ ಅಂದ್ಬಿಟ್ಟೆ."

"ಕೆಂಪರಾಜುನೂ ಕರ್ಕೊಳ್ಳಿ. ಅವನಿಗೆ ಬೂಟು, ಹೆಲ್ಮೆಟ್ಟು ನೀವು ಕೊಡ್ಸಿ. ಅವು ಬಂದ ದಿನ ನಾನೂ ಬರ್ತೀನಿ. ಆಗಲ್ಲ ಅಂದ್ರೆ ಫೋನು ಮಾಡ್ಬೇಡಿ," ಎಂದಳು ಅವಳು. ಮುನೀಂದ್ರ ತಲೆ ಕೆರೆದುಕೊಂಡು, ಆಗಲಿ ಎಂದ.

ಅಪ್ಪಯ್ಯಣ್ಣ ಎಲ್ಲರ ಹಿಂದೆ, ನಿಧಾನವಾಗಿ ಬಂದರು. ಬಿದ್ದ ಮರ ನೋಡಿದರು, ಅಂಗನವಾಡಿ ನೋಡಿದರು. ಅವರ ಮುಖ ಮೆತ್ತಗಾಗಿತ್ತು. ಕುಂಕುಮದ ಬಟ್ಟಲನ್ನು ಅವಳ ಮುಂದೆ ಹಿಡಿದು ದೊಡ್ಡ ಮನಸ್ಸು ಮಾಡಿದವರ ದನಿಯಲ್ಲಿ ಹೇಳಿದರು. "ಹೋಗ್ಲಿ ಬಿಡು ತಾಯಿ. ಸ್ವಾಮಿ ನಿನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡಿದಾನೆ."

ಸೊಣ್ಣಮ್ಮ ಹೆಲ್ಮೆಟ್ಟು ತೆಗೆದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಕುಂಕುಮಕ್ಕೆ ಕೈ ಚಾಚಲಿಲ್ಲ.

"ಯಾವ ತಪ್ಪು ಅಣ್ಣ?"

ಪಕ್ಕದಲ್ಲಿ ಕೆಂಪರಾಜ್ ಊದಿದ ಕಾಲು ಚಾಚಿಕೊಂಡು ಕೂತು, ಬೆರಳುಗಳನ್ನು ಅಲ್ಲಾಡಿಸಿ ಅಲ್ಲಾಡಿಸಿ ನೋಡಿಕೊಳ್ಳುತ್ತಿದ್ದ. ಅಪ್ಪಯ್ಯಣ್ಣನವರ ಕಣ್ಣು ಆ ಬೆರಳುಗಳ ಮೇಲೆ ಹೋಯಿತು, ಅಲ್ಲಿಂದ ಈಚೆ ಬರಲಿಲ್ಲ.

"ಹೇಳಿ ಅಣ್ಣ, ಯಾವ ತಪ್ಪು?" ಎಂದು ಸೊಣ್ಣಮ್ಮ ಇನ್ನೊಂದು ಸಲ ಕೇಳಿ, ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಳು.